ತನ್ನ ತೋಟಕ್ಕೆ ತಾನೇ ಕದ್ದು ನೀರೆರೆದವನು

ಅಂದಾನಪ್ಪ ಎಂಬ ದರ್ಜಿ ತನ್ನ ಅರವತ್ತನೆಯ ವಯಸ್ಸಿನಲ್ಲಿ ಹೊಲಿಗೆ ಬಿಟ್ಟು ತೋಟಗಾರನಾದ. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಪ್ರತಿ ಸಲ ಹೆಂಡತಿಯನ್ನು ಕರೆಯುವ ಸ್ಥಿತಿ ಬಂದಾಗ ಅಂಗಡಿ ಮಾರಿದ. ಊರ ಹೊರಗೆ ಮೂವತ್ತೆರಡು ಪೇರಲ ಗಿಡಗಳಿದ್ದ ಸಣ್ಣ ತೋಟವೊಂದನ್ನು ಕೊಂಡ. ಇನ್ನು ಮುಂದೆ ಗಂಡ ಹೆಂಡತಿ ಇಬ್ಬರ ವರ್ಷದ ಊಟ ಆ ಗಿಡಗಳ ಮೇಲೆಯೇ ನಿಂತಿತ್ತು. ಚಳಿಗಾಲದ ಒಂದು ಫಸಲು ಕೈಕೊಟ್ಟರೆ ಒಲೆ ಹೊತ್ತಿಸಲೂ ಯೋಚಿಸಬೇಕಾಗಿತ್ತು.

ಅಂದಾನಪ್ಪ ಕೆಟ್ಟವನಲ್ಲ. ಆದರೆ ಅನುಮಾನದ ಪ್ರಾಣಿ. ನಲವತ್ತು ವರ್ಷ ಅವನ ಅಂಗಡಿಗೆ ಬಂದವರೆಲ್ಲ ಬಟ್ಟೆಯ ಜೊತೆಗೆ ಒಂದು ಅನುಮಾನವನ್ನೂ ಕೊಟ್ಟು ಹೋಗುತ್ತಿದ್ದರು. ಎರಡೂವರೆ ಮೀಟರ್ ಕೊಟ್ಟಿದ್ದೆ, ಅಂಗಿ ಯಾಕೆ ಗಿಡ್ಡವಾಯಿತು? ಉಳಿದ ತುಂಡು ಎಲ್ಲಿ ಹೋಯಿತು? ನನ್ನ ಮಗಳ ಲಂಗಕ್ಕೂ ನಿನ್ನ ಹೆಂಡತಿಯ ಕುಪ್ಪಸಕ್ಕೂ ಒಂದೇ ಬಣ್ಣ ಹೇಗೆ ಬಂತು? ಪಾಪ, ಅವನು ಯಾರ ಬಟ್ಟೆಯಲ್ಲೂ ಒಂದು ಗೇಣು ಕದ್ದವನಲ್ಲ. ಇಷ್ಟೆಲ್ಲ ಕೇಳಿಸಿಕೊಂಡವನು ಇನ್ನೊಬ್ಬರನ್ನು ಅನುಮಾನಿಸಲಾರ ಎಂದು ನೀವು ಅಂದುಕೊಳ್ಳಬಹುದು. ಲೋಕ ಹಾಗೆ ನಡೆಯುವುದಿಲ್ಲ. ಅತ್ತೆಯಿಂದ ಬೈಸಿಕೊಂಡ ಸೊಸೆ ಮುಂದೆ ತನ್ನ ಸೊಸೆಯನ್ನು ಬೈದು ಸಮಾಧಾನಪಡುವ ಹಾಗೆ, ಅವನೂ ತನಗೆ ಸಿಕ್ಕಿದ್ದನ್ನು ಊರಿಗೆಲ್ಲ ಹಂಚುತ್ತಿದ್ದ. ಹಾಲಿನವಳ ಕ್ಯಾನಿಗೆ ಬೆರಳು ಅದ್ದಿ ನೋಡುತ್ತಿದ್ದ. ಗುಡಿಯಲ್ಲಿ ಪ್ರಸಾದ ಕೊಟ್ಟರೆ ಪಕ್ಕದವನ ಅಂಗೈಯಲ್ಲಿ ಎಷ್ಟಿದೆ ಎಂದು ನೋಡಿ ಆಮೇಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ತೋಟದ ಜೊತೆಗೆ ಸಾವಂತ್ರವ್ವನೂ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಇಪ್ಪತ್ತು ವರ್ಷದಿಂದ ಆ ತೋಟ ನೋಡಿಕೊಂಡವಳು. ಹಳೆಯ ಯಜಮಾನರು ಮಾಡಿದ್ದ ಕರಾರು ಸರಳವಾಗಿತ್ತು: ಇಪ್ಪತ್ತಾರು ಗಿಡ ಯಜಮಾನನವು, ತೋಟದ ಎತ್ತರದ ಮೂಲೆಯಲ್ಲಿರುವ ಆರು ಗಿಡದ ಹಣ್ಣು ಅವಳ ದುಡಿಮೆಗೆ. ಆ ಹಣ್ಣನ್ನು ಅವಳು ಬುಟ್ಟಿಯಲ್ಲಿಟ್ಟುಕೊಂಡು ಬಸ್ ನಿಲ್ದಾಣದ ಮುಂದೆ ಕೂತು ಮಾರುತ್ತಿದ್ದಳು. ಅಂದಾನಪ್ಪನೂ ಅದೇ ಕರಾರಿಗೆ ಒಪ್ಪಿದ. ಒಪ್ಪಿದ ದಿನವೇ ಆ ಆರು ಗಿಡಗಳ ಸುತ್ತ ಮೂರು ಸಲ ಸುತ್ತಿ, ತನ್ನ ಗಿಡಗಳಿಗಿಂತ ಅವು ದಪ್ಪಗಿಲ್ಲ ಎಂದು ಖಾತ್ರಿ ಮಾಡಿಕೊಂಡ.

ಯುಗಾದಿ ಮುಗಿಯಿತು. ಬಿಸಿಲು ಏರಿತು. ಒಂದು ಬೆಳಿಗ್ಗೆ ಸಾವಂತ್ರವ್ವ ಕಾಲುವೆಯ ಬಾಯಿಗೆ ಮಣ್ಣು ಮೆತ್ತಿ ಗಿಡಗಳಿಗೆ ನೀರು ನಿಲ್ಲಿಸಿದಳು. ಕೈ ತೊಳೆದುಕೊಳ್ಳುತ್ತಾ, "ಇನ್ನ ಮಿರಗದ ಮಳಿ ಬರೂತನಕ ಗಿಡಕ್ಕ ಉಪಾಸ, ಅಣ್ಣಾರ" ಎಂದಳು.

ಮೃಗಶಿರ ಮಳೆ ಬರುವವರೆಗೆ, ಅಂದರೆ ಬೇಸಿಗೆಯುದ್ದಕ್ಕೂ, ಗಿಡಕ್ಕೆ ಉಪವಾಸ ಎಂದರೇನು ಎಂದು ಅಂದಾನಪ್ಪನಿಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಆದರೆ ಕೇಳಿದರೆ ತೋಟದ ಯಜಮಾನನಿಗೆ ತೋಟದ ಕೆಲಸ ತಿಳಿಯದು ಎಂದು ಆಳಿನ ಮುಂದೆ ಒಪ್ಪಿಕೊಂಡ ಹಾಗಾಗುತ್ತಿತ್ತು. ಆದ್ದರಿಂದ ಎಲ್ಲ ಬಲ್ಲವನಂತೆ ತಲೆ ಆಡಿಸಿ, ನನಗೆ ಗೊತ್ತಿಲ್ಲದ್ದೇನು ಎಂದುಬಿಟ್ಟ. ಸಾವಂತ್ರವ್ವನೂ ನಂಬಿದಳು. ತೋಟ ಕೊಂಡವರಿಗೆ ಅಷ್ಟು ತಿಳಿಯದಿರುತ್ತದೆಯೇ ಎಂಬುದು ಅವಳ ಲೆಕ್ಕ.

ಮನೆಗೆ ಬಂದವನಿಗೆ ಅನ್ನ ರುಚಿಸಲಿಲ್ಲ. ಉರಿ ಬಿಸಿಲಿನಲ್ಲಿ ಊರಿನ ನಾಯಿಗಳಿಗೂ ಜನ ನೀರಿಡುತ್ತಾರೆ, ಇವಳು ಇದ್ದ ನೀರನ್ನೂ ನಿಲ್ಲಿಸಿದಳಲ್ಲ, ಯಾಕೆ?

ಮಾರನೆಯ ದಿನದಿಂದ ಅವನು ಮರೆಯಲ್ಲಿ ನಿಂತು ನೋಡತೊಡಗಿದ. ಅನುಮಾನದಿಂದ ನೋಡುವವನಿಗೆ ಬೇಸಿಗೆಯ ತೋಟಗೆಲಸದಷ್ಟು ಭಯಂಕರವಾದದ್ದು ಇನ್ನೊಂದಿಲ್ಲ. ಸಾವಂತ್ರವ್ವ ಗಿಡಗಳ ಮೇಲಿದ್ದ ಬಿಡಿ ಹೂಗಳನ್ನು ಒಂದೊಂದಾಗಿ ಚಿವುಟಿ ಹಾಕಿದಳು. ನಾಳೆ ಹಣ್ಣಾಗುವುದನ್ನು ಇಂದೇ ಕೊಂದಳು ಎಂದುಕೊಂಡ ಅಂದಾನಪ್ಪ. ಹದಿನೈದು ದಿನ ಕಳೆದ ಮೇಲೆ ಅವಳು ಗುದ್ದಲಿ ಹಿಡಿದು ಪ್ರತಿ ಗಿಡದ ಬುಡದ ಮಣ್ಣನ್ನು ಮೆಲ್ಲಗೆ ಎಳೆದು, ಸಣ್ಣ ಬೇರುಗಳನ್ನು ಬಿಸಿಲಿಗೆ ಬಿಚ್ಚಿಟ್ಟಳು. ಎಲೆಗಳು ಹಳದಿಗೆ ತಿರುಗಿದವು. ಒಂದೆರಡಾಗಿ ಉದುರತೊಡಗಿದವು. ಸಾವಂತ್ರವ್ವ ಉದುರಿದ ಎಲೆಯನ್ನು ಗುಡಿಸುತ್ತಾ ಖುಷಿಯಿಂದ ಹಾಡು ಗುನುಗುತ್ತಿದ್ದಳು. ಗಿಡ ಸಾಯುತ್ತಿದೆ, ಇವಳು ಹಾಡುತ್ತಿದ್ದಾಳೆ. ಇನ್ನೇನು ಸಾಕ್ಷಿ ಬೇಕು?

ಬೇಕಾಗಿದ್ದ ಸಾಕ್ಷಿಯೂ ಸಿಕ್ಕಿತು. ಬೇಲಿಯ ಆಚೆ ಮೌನೇಶಪ್ಪನ ಕಾಯಿಪಲ್ಲೆ ತೋಟ. ನಲವತ್ತರ ಆಸುಪಾಸಿನ, ತನ್ನ ಪಾಡಿಗೆ ತಾನಿರುವ ಮನುಷ್ಯ. ಒಂದು ದಿನ ಸಾವಂತ್ರವ್ವ ಬೇಲಿಯ ಹತ್ತಿರ ನಿಂತು ಅವನೊಡನೆ ಬಹಳ ಹೊತ್ತು ಮಾತಾಡಿದಳು. ಅವಳು ಕೇಳಿದ್ದು ಬದನೆಯ ಸಸಿ. ದೂರದಲ್ಲಿದ್ದ ಅಂದಾನಪ್ಪನಿಗೆ ಮಾತು ಕೇಳಿಸಲಿಲ್ಲ. ಕೇಳಿಸದ ಮಾತನ್ನು ತಾನೇ ಹೊಲಿದುಕೊಂಡ. ಗಿಡಗಳನ್ನು ಒಣಗಿಸುವುದು, ತೋಟ ಹಾಳಾಯಿತು ಎಂದು ತನ್ನನ್ನು ಹೆದರಿಸುವುದು, ಅಗ್ಗಕ್ಕೆ ಮೌನೇಶಪ್ಪನಿಗೆ ಮಾರಿಸುವುದು: ಇದೇ ಇವರಿಬ್ಬರ ಹುನ್ನಾರ. ಅಳತೆಗೆ ಸರಿಯಾಗಿ ಕೂತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಹೆಂಡತಿ ಶಂಕ್ರವ್ವನಿಗೆ ಹೇಳಿದ. ಅವಳು ನೇರ ಸ್ವಭಾವದವಳು. ಸಾವಂತ್ರವ್ವನನ್ನೇ ಕೇಳಿದರಾಯಿತು ಎಂದಳು. ಕಳ್ಳಿಯನ್ನೇ ಕೇಳಿ ಕಳವು ಹಿಡಿದವರುಂಟೇ ಎಂದು ಅವನು ರೇಗಿದ.

"ಕೇಳಿದ್ರ ನಿಮ್ಮ ಬಾಯಿ ಸವದು ಹೋಗತೈತೇನ್ರಿ?" ಎಂದಳು ಶಂಕ್ರವ್ವ. ಅವನು ಎದ್ದು ಹೋದ.

ಅವನು ಒಂದು ಪರೀಕ್ಷೆ ಮಾಡಿದ. ಅವಳ ಪಾಲಿನ ಆರು ಗಿಡಗಳಿಗೆ ಅವಳು ಗುಟ್ಟಾಗಿ ನೀರು ಹಾಕುತ್ತಿರಬೇಕು, ಹಾಗಿದ್ದರೆ ಸಿಕ್ಕಿಬೀಳುತ್ತಾಳೆ ಎಂದುಕೊಂಡು ಎತ್ತರದ ಮೂಲೆಗೆ ಹೋಗಿ ನೋಡಿದ. ಅವೂ ಒಣಗಿದ್ದವು. ಅವುಗಳ ಬೇರೂ ಬಿಸಿಲಿಗೆ ಬಿಚ್ಚಿಕೊಂಡಿದ್ದವು. ಅವುಗಳ ಹೂವನ್ನೂ ಚಿವುಟಿ ಹಾಕಲಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ತಪ್ಪೊಪ್ಪಿಕೊಂಡು ಮನೆಗೆ ಹೋಗಿ ಮಜ್ಜಿಗೆ ಕುಡಿದು ಮಲಗುತ್ತಿದ್ದರು. ತನ್ನ ಹೊಟ್ಟೆಯ ಮೇಲೆ ತಾನೇ ಹೊಡೆದುಕೊಳ್ಳುವ ಕಳ್ಳರು ಎಲ್ಲಿದ್ದಾರೆ? ಆದರೆ ಅಂದಾನಪ್ಪ ಬೇರೆಯೇ ತೀರ್ಮಾನಕ್ಕೆ ಬಂದ. ಎಂಥ ಜಾಣೆ, ನನ್ನ ಕಣ್ಣಿಗೆ ಮಣ್ಣೆರಚಲು ತನ್ನ ಗಿಡಗಳನ್ನೂ ಒಣಗಿಸಿದ್ದಾಳೆ ಎಂದ. ಅವಳ ಗಿಡ ಸತ್ತರೆ ಸಾಯಲಿ, ನನ್ನವನ್ನು ನಾನು ಉಳಿಸಿಕೊಳ್ಳುತ್ತೇನೆ ಎಂದು ನಿರ್ಧರಿಸಿದ.

ಬೇಸಿಗೆಯಲ್ಲಿ ಸಾವಂತ್ರವ್ವ ಮಧ್ಯಾಹ್ನ ಮನೆಗೆ ಹೋಗಿ ಬಿಸಿಲು ಇಳಿದ ಮೇಲೆ ಬರುತ್ತಿದ್ದಳು. ಆ ನಡು ಹೊತ್ತಿನಲ್ಲಿ, ಕಾಗೆಯೂ ಹೊರಗೆ ಬಾರದ ಬಿಸಿಲಿನಲ್ಲಿ, ಅಂದಾನಪ್ಪ ತಲೆಗೆ ಟವೆಲ್ ಸುತ್ತಿಕೊಂಡು ತನ್ನ ತೋಟದೊಳಕ್ಕೆ ಕಳ್ಳನಂತೆ ನುಗ್ಗುತ್ತಿದ್ದ. ಮೋಟಾರು ಹಾಕಿದರೆ ಸದ್ದಾಗುತ್ತದೆ. ಆದ್ದರಿಂದ ತೊಟ್ಟಿಯಿಂದ ಕೊಡದಲ್ಲಿ ಹೊತ್ತ. ಗಿಡಕ್ಕೆ ಎರಡು ಕೊಡ, ದಿನಕ್ಕೆ ಎಂಟು ಗಿಡ. ನೀರು ಹಾಕಿದ ಮೇಲೆ ಹಸಿ ಕಾಣಬಾರದೆಂದು ಮೇಲೆ ಒಣ ಮಣ್ಣು ಉದುರಿಸಿ, ಅದರ ಮೇಲೆ ಒಣಗಿದ ಎಲೆ ಹರಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದ. ಹೊಲಿಗೆ ಹೊರಗೆ ಕಾಣದಂತೆ ಮಡಚಿ ಹೊಲಿದವನ ಕೈ ಅದು, ಕೆಲಸ ನಾಜೂಕಾಗಿಯೇ ಇತ್ತು. ಸೊಂಟ ಹಿಡಿದುಕೊಂಡಿತು. ಅಂಗಾಲು ಸುಟ್ಟಿತು. ಆದರೆ ನಾಲ್ಕು ದಿನಕ್ಕೆ ಗಿಡಗಳ ಎಲೆ ಉದುರುವುದು ನಿಂತಿತು. ಅವನು ಒಬ್ಬನೇ ನಿಂತು ನಕ್ಕ.

ಸಾವಂತ್ರವ್ವನಿಗೆ ಏನೋ ಸರಿಯಿಲ್ಲ ಎನ್ನಿಸಿತು. ತನ್ನ ಆರು ಗಿಡಗಳ ಎಲೆ ಉದುರುತ್ತಲೇ ಇತ್ತು, ಯಜಮಾನನ ಇಪ್ಪತ್ತಾರು ಗಿಡ ಹಸಿರಾಗಿ ಗಟ್ಟಿ ನಿಂತಿದ್ದವು. ಅವಳು ಒಂದು ಬುಡದ ಮಣ್ಣಿನೊಳಗೆ ಕೈ ತೂರಿಸಿದಳು. ಮೇಲೆ ಒಣ, ಕೆಳಗೆ ಹಸಿ. ನೇರವಾಗಿ ಅಂದಾನಪ್ಪನ ಹತ್ತಿರ ಬಂದಳು.

"ಗಿಡದ ಬುಡ ಹಸಿ ಆಗ್ಯಾವ, ಅಣ್ಣಾರ. ನೀವೇನರ ನೀರ ಹಾಕೀರೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಂದಾನಪ್ಪ ತಲೆಯ ಟವೆಲನ್ನು ಬಿಚ್ಚಿ ಬೆನ್ನ ಹಿಂದೆ ಹಿಡಿದ. ಇದೇ ಗಳಿಗೆ. ಒಂದು ಹೌದು ಎಂದಿದ್ದರೆ ಎಲ್ಲವೂ ಅಲ್ಲಿಗೇ ಬಗೆಹರಿಯುತ್ತಿತ್ತು. ಬೇಸಿಗೆ ಇನ್ನೂ ಬೇಕಾದಷ್ಟು ಉಳಿದಿತ್ತು. ಆದರೆ ಅವಳ ಮುಖದಲ್ಲಿನ ಕಳವಳವನ್ನು ಅವನು ಬೇರೆಯಾಗಿ ಓದಿದ. ಗಿಡ ಸಾಯಲಿಲ್ಲವಲ್ಲ ಎಂದು ಇವಳಿಗೆ ಹೊಟ್ಟೆ ಉರಿ ಎಂದುಕೊಂಡ.

"ನಾ ಯಾಕ ಹಾಕಲಿ? ನೀರ ಬಂದ್ ಮಾಡಿದಾಕಿ ನೀನ ಅಲ್ಲೇನು" ಎಂದ.

ಸಾವಂತ್ರವ್ವ ಆ ಮಾತನ್ನು ನಂಬಿದಳು. ಯಜಮಾನ ತನ್ನ ತೋಟದ ವಿಷಯದಲ್ಲಿ ಸುಳ್ಳು ಹೇಳಿ ಏನು ಗಳಿಸಿಯಾನು? ಹಾಗಾದರೆ ನೀರು ಎಲ್ಲಿಂದ ಬಂತು ಎಂದು ಅವಳೂ ಯೋಚಿಸಿದಳು. ಮೇಲೆ ಒಣಗಿ ಕೆಳಗೆ ಹಸಿ ಎಂದರೆ ನೆಲದೊಳಗಿಂದ ಜಿನುಗಿರಬೇಕು. ಬೇಲಿಗೆ ಹತ್ತಿಕೊಂಡೇ ಮೌನೇಶಪ್ಪನ ಕಾಲುವೆ ಇದೆ. ಎತ್ತರದ ಮೂಲೆಯ ತನ್ನ ಗಿಡಗಳಿಗೆ ಮಾತ್ರ ಹಸಿ ತಾಕಿಲ್ಲ. ಇನ್ನೇನು, ಸ್ಪಷ್ಟವಾಯಿತಲ್ಲ. ಅನುಮಾನ ಅಂಟುರೋಗವಿದ್ದ ಹಾಗೆ, ಒಳ್ಳೆಯವರಿಗೂ ತಗಲುತ್ತದೆ. ಅವಳು ಮೌನೇಶಪ್ಪನ ಹತ್ತಿರ ಹೋಗಿ, ಕಾಲುವೆ ಸೋರುತ್ತಿದೆ, ಬೇರೆ ಕಡೆಗೆ ತಿರುಗಿಸು ಎಂದಳು. ತನ್ನ ಕಾಲುವೆ ಸೋರುವುದಿಲ್ಲ ಎಂದ ಅವನು. ಮಾತಿಗೆ ಮಾತು ಬೆಳೆಯಿತು. ಇಪ್ಪತ್ತು ವರ್ಷ ಸಸಿ, ಸೊಪ್ಪು, ಸುಖದುಃಖ ಹಂಚಿಕೊಂಡಿದ್ದ ಬೇಲಿಯ ಮೇಲೆ ಬೈಗುಳ ಹಾರಿದವು. ಕೊನೆಗೆ ಸಾವಂತ್ರವ್ವ ಬೇಲಿ ದಾಟಿ ಹೋಗಿ ಆ ಕಾಲುವೆಗೆ ಮಣ್ಣು ತುಂಬಿದಳು. ಮರುದಿನ ಮೌನೇಶಪ್ಪನ ನೀರು ದಿಕ್ಕು ತಪ್ಪಿ ಬದನೆಯ ಮಡಿಗೆ ನುಗ್ಗಿ, ಸಸಿಗಳೆಲ್ಲ ಕೊಳೆತು ಹೋದವು.

ಅಂದಾನಪ್ಪ ಇದನ್ನೆಲ್ಲ ನೋಡುತ್ತಾ ನಿಂತಿದ್ದ. ತಪ್ಪಿಲ್ಲದವನು ಬೈಸಿಕೊಳ್ಳುವುದು ಕಣ್ಣೆದುರಿಗೇ ಇತ್ತು. ಅವನಿಗಿಂತ ಚೆನ್ನಾಗಿ ಆ ನೋವು ಬಲ್ಲವರು ಆ ಊರಿನಲ್ಲಿ ಯಾರಿದ್ದರು? ಒಳಗೆ ಏನೋ ಚುಚ್ಚಿತು. ಆದರೆ ಅನುಮಾನ ಅದಕ್ಕೂ ಒಂದು ಸಮಾಧಾನ ಹೇಳಿಕೊಟ್ಟಿತು. ಇದು ಇಬ್ಬರೂ ಸೇರಿ ಆಡುವ ನಾಟಕ, ತನ್ನನ್ನು ಮೋಸಗೊಳಿಸಲು ಬೇಕೆಂದೇ ಜಗಳವಾಡುತ್ತಿದ್ದಾರೆ ಎಂದುಕೊಂಡು ಅವನು ಮಧ್ಯಾಹ್ನದ ಕೊಡ ಎತ್ತಿಕೊಂಡ. ಇಂಗಿದ ನೀರು ಆರಲು ದಿನ ಹಿಡಿಯುತ್ತದೆ ಎಂದುಕೊಂಡ ಸಾವಂತ್ರವ್ವ ಮತ್ತೆ ಬುಡ ಕೆದಕಿ ನೋಡಲಿಲ್ಲ.

ಮಿರಗದ ಮಳೆ ಸರಿಯಾದ ಹೊತ್ತಿಗೆ ಬಂತು. ಸಾವಂತ್ರವ್ವ ಮೂವತ್ತೆರಡೂ ಗಿಡಗಳ ಬೇರಿಗೆ ಕೊಟ್ಟಿಗೆ ಗೊಬ್ಬರ ಹಾಕಿ ಮಣ್ಣು ಮುಚ್ಚಿದಳು. ಯಾರ ಗಿಡಕ್ಕೂ ಒಂದು ಬುಟ್ಟಿ ಹೆಚ್ಚಿಲ್ಲ, ಒಂದು ಬುಟ್ಟಿ ಕಡಿಮೆಯಿಲ್ಲ. ಅಂದಾನಪ್ಪ ಎಣಿಸುತ್ತಲೇ ಇದ್ದ.

ಆಷಾಢ ಬಂತು. ಎತ್ತರದ ಮೂಲೆಯ ಆರು ಗಿಡಗಳ ಮೇಲೆ ರೆಂಬೆ ರೆಂಬೆಗೂ ಬಿಳಿ ಹೂವು. ಜೇನುಹುಳುಗಳ ಸದ್ದು ದಾರಿಯವರೆಗೂ ಕೇಳುತ್ತಿತ್ತು. ಅಂದಾನಪ್ಪನ ಇಪ್ಪತ್ತಾರು ಗಿಡಗಳು ಬರೀ ಎಲೆ ಬಿಟ್ಟುಕೊಂಡು ಕೊಬ್ಬಿ ನಿಂತಿದ್ದವು. ಹುಡುಕಿದರೆ ಗಿಡಕ್ಕೆ ಐದಾರು ಹೂವು. ಅವನು ಒಂದೊಂದು ಗಿಡದ ಕೆಳಗೂ ನಿಂತು ಕತ್ತೆತ್ತಿ ನೋಡಿದ. ಹೂವಿಲ್ಲದಿದ್ದರೆ ಕಾಯಿಯಿಲ್ಲ. ಕಾಯಿಯಿಲ್ಲದಿದ್ದರೆ ವರ್ಷದ ಅನ್ನವಿಲ್ಲ.

ಹೆದರಿದ ಅನುಮಾನ ಕೂಗಾಡುತ್ತದೆ. ಅಂದಾನಪ್ಪನೂ ಕೂಗಾಡಿದ. ಶಂಕ್ರವ್ವ ಬುತ್ತಿ ತಂದಿದ್ದಳು. ಬೇಲಿಯ ಆಚೆ ಮೌನೇಶಪ್ಪ ಕಳೆ ಕೀಳುತ್ತಿದ್ದ. ಇಬ್ಬರ ಎದುರಿಗೂ ಅವನು ಸಾವಂತ್ರವ್ವನನ್ನು ಕಳ್ಳಿ ಎಂದ. ತನ್ನ ಆರು ಗಿಡಕ್ಕೆ ಏನೋ ಔಷಧ ಹಾಕಿ ಯಜಮಾನನ ಗಿಡಗಳನ್ನು ಬಂಜೆ ಮಾಡಿದ್ದಾಳೆ ಎಂದ.

ಸಾವಂತ್ರವ್ವನ ಕೈಯಿಂದ ಕುಡುಗೋಲು ಜಾರಿತು. ಇಪ್ಪತ್ತು ವರ್ಷದಲ್ಲಿ ಆ ತೋಟದಲ್ಲಿ ಅವಳಿಗೆ ಯಾರೂ ಆ ಮಾತು ಅಂದಿರಲಿಲ್ಲ. ಅವಳ ಕಣ್ಣು ತುಂಬಿದವು, ಆದರೆ ಮಾತು ಗಟ್ಟಿಯಾಗಿಯೇ ಬಂತು.

"ಔಷಧ ಏನೂ ಇಲ್ಲ, ಅಣ್ಣಾರ. ಬ್ಯಾಸಿಗ್ಯಾಗ ನೀರಿಲ್ದ ಉಪಾಸ ಇದ್ದ ಪ್ಯಾರಲ ಗಿಡ, ಮಳಿ ಬಿದ್ದ ಕೂಡಲೇ ಮೈತುಂಬ ಹೂವ ಬಿಡತೈತಿ. ಬ್ಯಾಸಿಗಿ ಪೂರಾ ನೀರ ಕುಡದ ಗಿಡ ಬರೇ ಎಲಿ ಬಿಡತೈತಿ. ಹೂವ ಚಿವುಟಿದ್ದು, ಬೇರ ಬಿಸಲಿಗೆ ಬಿಚ್ಚಿದ್ದು ಅದಕ್ಕ. ಎಲ್ಲಾ ಗಿಡಕ್ಕೂ ನಾ ಮಾಡಿದ್ದು ಒಂದ. ನಿಮ್ಮ ಗಿಡ ಉಪಾಸ ಕೆಡಿಸ್ಯಾವ. ಅಷ್ಟ ಫರಕು."

ಎಲ್ಲರೂ ಬೇಲಿಯತ್ತ ನೋಡಿದರು. ಮೌನೇಶಪ್ಪ ಎದ್ದು ನಿಂತು ಕೈಯ ಮಣ್ಣು ಒರೆಸಿಕೊಂಡ.

"ಕಾಕಾ, ನನ್ನ ಕಾಲುವಿ ಬಂದ್ ಆಗಿ ಎರಡ ತಿಂಗಳಾತು. ಆಮ್ಯಾಲೂ ನಿಮ್ಮ ಗಿಡ ಹಸರಾಗೇ ಇದ್ದವಲ್ಲ. ಆ ನೀರ ಯಾರದು?"

ಗಂಡನ ಮುಖ ನೋಡಿದ ಶಂಕ್ರವ್ವನಿಗೆ ಬೇಸಿಗೆಯುದ್ದಕ್ಕೂ ಅವನ ಸೊಂಟಕ್ಕೆ ಎಣ್ಣೆ ತಿಕ್ಕಿದ್ದು ಯಾಕೆಂದು ಈಗ ತಿಳಿಯಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾನ ಹಾಕಿದೆ" ಎಂದ ಅಂದಾನಪ್ಪ. "ನೀ ಗಿಡಾ ಕೊಲ್ಲಾಕತ್ತೀ ಅನಕೊಂಡೆ."

"ಒಂದ ಮಾತ ಕೇಳಬೇಕಿತ್ತು, ಅಣ್ಣಾರ" ಎಂದಳು ಸಾವಂತ್ರವ್ವ. ಅವಳು ಬೇಲಿಯ ಹತ್ತಿರ ಹೋಗಿ ಮೌನೇಶಪ್ಪನ ಮುಂದೆ ಕೈಮುಗಿದಳು. ಕಾಲುವೆಗೆ ತುಂಬಿದ್ದ ಮಣ್ಣು ತೆಗೆಯಲು ಗುದ್ದಲಿ ಎತ್ತಿದಳು. ಅಂದಾನಪ್ಪ ಓಡಿ ಬಂದು ಅವಳ ಕೈಯಿಂದ ಗುದ್ದಲಿ ಇಸಿದುಕೊಂಡ. ಆ ಮಣ್ಣನ್ನು ಅವನೇ ತೆಗೆದ. ನೋಯುವ ಸೊಂಟ ಹಿಡಿದುಕೊಂಡು, ನಿಂತು ನಿಂತು, ಸಂಜೆಯವರೆಗೂ ತೆಗೆದ. ಯಾರೂ ಸಾಕು ಎನ್ನಲಿಲ್ಲ.

ಆ ಚಳಿಗಾಲದಲ್ಲಿ ಇಪ್ಪತ್ತಾರು ಗಿಡಗಳ ಹಣ್ಣು ಸೇರಿಸಿದರೂ ಮೂರು ಬುಟ್ಟಿ ತುಂಬಲಿಲ್ಲ. ಶಂಕ್ರವ್ವ ಒಂದು ಹೊತ್ತು ಮಾತ್ರ ಒಲೆ ಹೊತ್ತಿಸುತ್ತಿದ್ದಳು. ಅಂದಾನಪ್ಪ ಕಾಣದ ಕಣ್ಣಿನಲ್ಲೇ ಮತ್ತೆ ಹಳೆಯ ಬಟ್ಟೆಗಳಿಗೆ ತೇಪೆ ಹಾಕಲು ಕೂತ.

ದೀಪಾವಳಿ ಮುಗಿದ ಮರು ವಾರ, ಒಂದು ಬೆಳಿಗ್ಗೆ, ಸಾವಂತ್ರವ್ವ ತಲೆಯ ಮೇಲೆ ಬುಟ್ಟಿ ಹೊತ್ತು ಅವನ ಮನೆ ಬಾಗಿಲಿಗೆ ಬಂದಳು. ಮೊದಲ ಕೊಯ್ಲಿನ ಹಣ್ಣು. ತನ್ನ ಆರು ಗಿಡಗಳಲ್ಲಿ ಎರಡು ಗಿಡದ ಹಣ್ಣು ಈ ವರ್ಷ ಈ ಮನೆಗೆ, ಮಾರಿ ಜೀವನ ಮಾಡಿಕೊಳ್ಳಿ ಎಂದು ಶಂಕ್ರವ್ವನಿಗೆ ಹೇಳಿ ಬುಟ್ಟಿ ಇಳಿಸಿದಳು. ಶಂಕ್ರವ್ವ ಅವಳ ಕೈ ಹಿಡಿದುಕೊಂಡು ಅತ್ತಳು. ಸಾವಂತ್ರವ್ವ ನೀರು ಕೇಳಿ ಕುಡಿದು, ಹಿತ್ತಲಿನಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ ಎಂದು ಅವಳ ಜೊತೆ ಒಳಗೆ ಹೋದಳು.

ಪಡಸಾಲೆಯಲ್ಲಿ ಅಂದಾನಪ್ಪ ಮತ್ತು ಬುಟ್ಟಿ ಇಬ್ಬರೇ ಉಳಿದರು. ಮೇಲಿನ ಹಣ್ಣುಗಳು ಚೆನ್ನಾಗಿದ್ದವು, ತಿಳಿ ಹಳದಿಗೆ ತಿರುಗಿ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಹಣ್ಣುಗಳನ್ನು ಪಕ್ಕಕ್ಕೆ ಸರಿಸುತ್ತಾ ಬುಟ್ಟಿಯ ತಳಕ್ಕೆ ಇಳಿಯಿತು. ಕೊಳೆತದ್ದನ್ನು ಕೆಳಗಿಟ್ಟು ಒಳ್ಳೆಯದನ್ನು ಮೇಲೆ ಜೋಡಿಸಿರಬಹುದು ಎಂದು ಆ ಕೈಗೆ ಅನುಮಾನ.

ತಳದಲ್ಲಿದ್ದ ಹಣ್ಣುಗಳು ಮೇಲಿನವಕ್ಕಿಂತ ದೊಡ್ಡವಾಗಿದ್ದವು. ದಾರಿಯಲ್ಲಿ ಕಂಡವರು ಕೇಳಿದರೆ ಇಲ್ಲ ಎನ್ನಲಾಗದು ಎಂದು, ಎಲ್ಲಕ್ಕಿಂತ ಒಳ್ಳೆಯವನ್ನು ಸಾವಂತ್ರವ್ವ ಅಡಿಯಲ್ಲಿ ಮುಚ್ಚಿಟ್ಟು ತಂದಿದ್ದಳು.

ಅವನು ತಲೆ ಎತ್ತಿದಾಗ ಒಳಬಾಗಿಲಲ್ಲಿ ಸಾವಂತ್ರವ್ವ ನಿಂತಿದ್ದಳು. ಅವನ ಕೈ ಮೊಣಕೈಯವರೆಗೂ ಬುಟ್ಟಿಯೊಳಗಿತ್ತು. ಅವಳು ಎಲ್ಲವನ್ನೂ ನೋಡಿದ್ದಳು. ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ತೋಟದ ದಾರಿ ಹಿಡಿದಳು. ಅಂದಾನಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಂದು ವರ್ಷದ ಫಸಲು ಹೋದಾಗಲೂ ಅವನಿಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ನೀತಿ: ತಿಳಿಯದ್ದನ್ನು ಕೇಳಿದರೆ ಒಂದು ಗಳಿಗೆಯ ಸಂಕೋಚ, ಕೇಳದೆ ಅನುಮಾನಪಟ್ಟರೆ ಬೆಳೆಯೂ ಹೋಗುತ್ತದೆ, ತಪ್ಪಿಲ್ಲದವರ ಮರ್ಯಾದೆಯೂ ಹೋಗುತ್ತದೆ. ಅನುಮಾನ ಸುಳ್ಳೆಂದು ಗೊತ್ತಾದ ಮಾತ್ರಕ್ಕೆ ಬಿಟ್ಟು ಹೋಗುವುದಿಲ್ಲ. ಅದು ಕೈಯ ಚಾಳಿಯಾಗಿ ಉಳಿಯುತ್ತದೆ. ಚಾಳಿಯಾಗುವ ಮೊದಲೇ, ಬಾಯಿಬಿಟ್ಟು ಒಂದು ಮಾತು ಕೇಳಿ.